ಬೇಸಿಗೆಯಲ್ಲಿ ಲೋಡರ್ ಆಯಿಲ್ ಕಾಯ್ದರೆ: ಸಣ್ಣ ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಕಾವಿನ ಮೂಲ ಹುಡುಕುವ ಕ್ರಮ

ತಿಪ್ಪೆ ಗೊಬ್ಬರ ಮುಂಗಾರಿಗೆ ಮೊದಲೇ ಹೊಲ ಸೇರಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಆ ಕೆಲಸ ಬೀಳುವುದೇ ಏಪ್ರಿಲ್, ಮೇ ತಿಂಗಳಲ್ಲಿ, ನೆರಳಲ್ಲೇ 40 ಡಿಗ್ರಿ ದಾಟಿರುವಾಗ. 20ರಿಂದ 30 ಎಚ್‌ಪಿ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ ಕಟ್ಟಿಸಿಕೊಂಡವರಿಂದ ಆಗ ಕೇಳಿಬರುವ ಮಾತು ಒಂದೇ: “ಯಣ್ಣಾ, ಆಯಿಲ್ ಭಾಳ ಕಾಯಾಕತ್ತೈತಿ. ಮುಂಜಾನೆ ಎತ್ತಿದ ಬಕೆಟ್ ಮಧ್ಯಾಹ್ನ ಏಳವಲ್ದು.”

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು: ಆಯಿಲ್ ತಣಿಸುವ ಕೂಲರ್ ಹಾಕಿಸು, ಇಲ್ಲವೇ ದಪ್ಪ ಆಯಿಲ್ ಹಾಕು. ಎರಡೂ ಕೊನೆಯಲ್ಲಿ ಯೋಚಿಸಬೇಕಾದ ಸಂಗತಿ. ಕಾವು ಎಲ್ಲಿ ಹುಟ್ಟುತ್ತಿದೆ ಎಂದು ತಿಳಿಯದೆ ಕೂಲರ್ ಕೂರಿಸಿದರೆ ಪಂಪ್ ಒಳಗೆ ಸವೆಯುತ್ತಲೇ ಇರುತ್ತದೆ, ಡೀಸೆಲ್ ಸುಮ್ಮನೆ ಉರಿಯುತ್ತಲೇ ಇರುತ್ತದೆ. ತಪಾಸಣೆಯನ್ನು ಖರ್ಚಿಲ್ಲದ್ದರಿಂದ ಖರ್ಚಿನದರ ಕಡೆಗೆ ಒಂದು ಕ್ರಮದಲ್ಲಿ ಮಾಡಿಕೊಂಡು ಹೋದರೆ ಬಹಳಷ್ಟು ಟ್ರ್ಯಾಕ್ಟರ್‌ಗಳಿಗೆ ಕೂಲರ್ ಬೇಕಾಗುವುದೇ ಇಲ್ಲ.

ಕಾವು ಹುಟ್ಟುವ ಬಗೆ

ಪಂಪ್ ಕೊಟ್ಟ ಒತ್ತಡ ಭಾರ ಎತ್ತುವುದಕ್ಕೆ ಬಳಕೆಯಾದರೆ ಅದು ಕೆಲಸ. ಒತ್ತಡದ ಆಯಿಲ್ ಯಾವ ಕೆಲಸವನ್ನೂ ಮಾಡದೆ ಸಣ್ಣ ಕಿಂಡಿಯಲ್ಲಿ ನುಸುಳಿ ಟ್ಯಾಂಕ್‌ಗೆ ಮರಳಿದರೆ ಆ ಶಕ್ತಿಯೆಲ್ಲ ಕಾವಾಗುತ್ತದೆ. ಕಿಂಡಿ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ತಾನೇ ತೆರೆದು ಆಯಿಲನ್ನು ಟ್ಯಾಂಕ್‌ಗೆ ಬಿಡುವ ವಾಲ್ವ್) ಆಗಿರಬಹುದು, ಅರ್ಧ ಕೂತ ಕಪ್ಲರ್ (ಹೋಸ್ ಜೋಡಿಸಿ ಬಿಚ್ಚುವ ಕೊಂಡಿ) ಆಗಿರಬಹುದು, ಹರಿದ ಪಿಸ್ಟನ್ ಸೀಲ್ (ಬಕೆಟ್ ಎತ್ತುವ ಜಾಕ್‌ನೊಳಗೆ ಸೋರಿಕೆ ತಡೆಯುವ ಉಂಗುರ) ಆಗಿರಬಹುದು. ಲೆಕ್ಕ ಸುಲಭ: ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತದೆ ಎಂಬುದನ್ನು ಎಷ್ಟು ಬಾರ್ ಒತ್ತಡ ಇಳಿಯಿತು ಎಂಬುದರಿಂದ ಗುಣಿಸಿ, 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ.

ನಿಮಿಷಕ್ಕೆ 30 ಲೀಟರ್ ಕೊಡುವ ಪಂಪ್, 150 ಬಾರ್‌ಗೆ ತೆರೆದುಕೊಂಡ ರಿಲೀಫ್ ವಾಲ್ವ್ ಎಂದಿಟ್ಟುಕೊಳ್ಳಿ. 7.5 ಕಿಲೋವ್ಯಾಟ್ ಆಯಿತು. ಬಕೆಟ್ ನೀರಿಗೆ ಇಳಿಬಿಡುವ 1.5 ಕಿಲೋವ್ಯಾಟ್ ಕಾಯಿಲ್‌ಗಳು ಐದನ್ನು ಒಟ್ಟಿಗೆ ಆಯಿಲ್‌ಗೆ ಇಳಿಸಿದ ಹಾಗೆ. ವ್ಯವಸ್ಥೆಯಲ್ಲಿ 25 ಲೀಟರ್ ಆಯಿಲ್ ಇದ್ದರೆ, ಅದೊಂದೇ ಕಾವನ್ನೆಲ್ಲ ಹೀರಿಕೊಂಡರೆ, ನಿಮಿಷಕ್ಕೆ ಸುಮಾರು 11 ಡಿಗ್ರಿ ಏರುತ್ತದೆ. ಸುತ್ತಲಿನ ಕಬ್ಬಿಣವೂ ಸ್ವಲ್ಪ ಹೀರುವುದರಿಂದ ನಿಜದಲ್ಲಿ ಏರಿಕೆ ಇದಕ್ಕಿಂತ ಕಡಿಮೆ. ಆದರೂ ಲಿವರ್ ಒತ್ತಿ ಹಿಡಿದ ಎರಡು ಮೂರು ನಿಮಿಷದಲ್ಲೇ ಆಯಿಲ್ ಬಹಳ ಬಿಸಿಯಾಗಬಲ್ಲದು.

ಇನ್ನೊಂದು ಸಂಗತಿ ನಮ್ಮ ಸೀಮೆಯದೇ. ಆಯಿಲ್ ಎಷ್ಟು ಡಿಗ್ರಿ ಮುಟ್ಟುತ್ತದೆ ಎಂಬುದು ಸುತ್ತಲಿನ ಗಾಳಿಯ ಬಿಸಿ ಮತ್ತು ಯಂತ್ರದ ಏರಿಕೆ ಎರಡರ ಮೊತ್ತ. ಏರಿಕೆ 40 ಡಿಗ್ರಿ ಇರುವ ಟ್ರ್ಯಾಕ್ಟರ್ 25 ಡಿಗ್ರಿಯ ಚಳಿಗಾಲದಲ್ಲಿ 65ಕ್ಕೆ ನಿಲ್ಲುತ್ತದೆ. ಅದೇ ಟ್ರ್ಯಾಕ್ಟರ್ ಮೇ ತಿಂಗಳ 42ರಲ್ಲಿ 82 ಮುಟ್ಟುತ್ತದೆ. ಬೇರೆ ಕಡೆ ಯಾರೂ ಗಮನಿಸದ ಸಣ್ಣ ದೋಷ ಇಲ್ಲಿ ಯಂತ್ರವನ್ನೇ ನಿಲ್ಲಿಸುವುದು ಇದಕ್ಕೇ.

ಎಷ್ಟು ಬಿಸಿಯಾದರೆ ಹೆಚ್ಚು?

40ರಿಂದ 60 ಡಿಗ್ರಿ ಒಳ್ಳೆಯದು. ನಮ್ಮ ಬೇಸಿಗೆಯಲ್ಲಿ 70ರವರೆಗೆ ಹೋದರೆ ಗಾಬರಿ ಬೇಡ. 82 ಡಿಗ್ರಿ ದಾಟಿದರೆ ಸೀಲ್‌ಗಳು ಗಡುಸಾಗಿ ಬಿರುಕು ಬಿಡತೊಡಗುತ್ತವೆ, ಆಯಿಲ್ ಬೇಗ ಕೆಡುತ್ತದೆ. ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಆಯಿಲ್ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದವರೆಲ್ಲ ಒಪ್ಪಿದ ಲೆಕ್ಕ.

ಕೈ ಇಟ್ಟು ನೋಡಿ ತೀರ್ಮಾನಿಸಬೇಡಿ. 60 ಡಿಗ್ರಿಯ ಕಬ್ಬಿಣದ ಮೇಲೂ ಕೈ ನಿಲ್ಲುವುದಿಲ್ಲ, 85ರ ಮೇಲೂ ನಿಲ್ಲುವುದಿಲ್ಲ. ಆದರೆ ಮೊದಲನೆಯದು ಆರೋಗ್ಯ, ಎರಡನೆಯದು ಅಪಾಯ. ಟೆಂಪರೇಚರ್ ಗನ್ ಒಂದನ್ನು ಕೊಂಡಿಟ್ಟುಕೊಳ್ಳಿ. ಬಣ್ಣ ಹಚ್ಚಿದ ಅಥವಾ ಕೊಳೆ ಕೂತ ಜಾಗಕ್ಕೆ ಗುರಿ ಹಿಡಿಯಿರಿ. ಹೊಳೆಯುವ ರಾಡ್, ಸ್ಟೀಲ್ ಪೈಪ್ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಂಥ ಕಡೆ ಕರಿ ಟೇಪ್ ಸುತ್ತಿ ಅದರ ಮೇಲೆ ಅಳೆಯಿರಿ. ಬಿಸಿಲು ನೇರ ಬಿದ್ದ ಲೋಹವೂ ಮೋಸ ಮಾಡುತ್ತದೆ, ಆದ್ದರಿಂದ ನೆರಳಿನ ಬದಿಯನ್ನೇ ಆರಿಸಿಕೊಳ್ಳಿ.

ಕೈ ಹಾಕುವ ಮೊದಲು

ಬಕೆಟ್ ನೆಲಕ್ಕೆ ಇಳಿಸಿ, ಇಂಜಿನ್ ಆರಿಸಿ, ಲಿವರ್‌ಗಳನ್ನು ನಾಲ್ಕೂ ದಿಕ್ಕಿಗೆ ಆಡಿಸಿ ಒಳಗಿನ ಒತ್ತಡ ಬಿಡಿಸಿ. ಆಮೇಲೆ ಮಾತ್ರ ಹೋಸ್ ಸಡಿಲಿಸಬೇಕು. ಎತ್ತಿದ ಬೂಮ್ (ಬಕೆಟ್ ಹೊತ್ತ ತೋಳು) ಕೆಳಗೆ, ಗಟ್ಟಿ ಆಧಾರ ಕೊಡದೆ, ತಲೆ ಹಾಕಬೇಡಿ.

ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅದರಿಂದ ಚಿಮ್ಮುವ ಆಯಿಲ್ ಕಣ್ಣಿಗೆ ಕಾಣದು, ಚರ್ಮದೊಳಗೆ ಮಾತ್ರ ನುಗ್ಗುತ್ತದೆ. ಸೋರಿಕೆ ಹುಡುಕಲು ಬೆರಳು ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆಯಿಲ್ ಚರ್ಮದೊಳಗೆ ಹೋದರೆ ಹೊರಗೆ ಚುಕ್ಕೆಯಷ್ಟೇ ಗಾಯ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ. ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ತಕ್ಷಣ ಹೋಗಿ, “ಹೈಡ್ರಾಲಿಕ್ ಆಯಿಲ್ ಒತ್ತಡದಿಂದ ಒಳಗೆ ಹೋಗಿದೆ” ಎಂದು ಬಿಡಿಸಿ ಹೇಳಿ. ತಡವಾದರೆ ಬೆರಳೇ ಹೋಗಬಹುದು.

ಹೆಜ್ಜೆ 1: ಲಿವರ್ ಮುಟ್ಟದೆ ಪರೀಕ್ಷೆ

ಇಡೀ ತಪಾಸಣೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಬೆಳಿಗ್ಗೆ ಆಯಿಲ್ ತಣ್ಣಗಿರುವಾಗ ಟ್ರ್ಯಾಕ್ಟರನ್ನು ನೆರಳಲ್ಲಿ ನಿಲ್ಲಿಸಿ. ಬಕೆಟ್ ನೆಲದ ಮೇಲಿರಲಿ, ಹಿಂದಿನ ಲಿಫ್ಟ್ ಕೆಳಗಿರಲಿ. ಇಂಜಿನ್ 1500 ಆರ್‌ಪಿಎಂಗೆ ಇಟ್ಟು ಅರ್ಧ ಗಂಟೆ ಬಿಡಿ. ಲೋಡರ್ ಲಿವರ್ ಮುಟ್ಟಬೇಡಿ. ಐದೈದು ನಿಮಿಷಕ್ಕೊಮ್ಮೆ ಟ್ಯಾಂಕ್ (ಗೇರ್‌ಬಾಕ್ಸೇ ಟ್ಯಾಂಕ್ ಆಗಿದ್ದರೆ ಅದರ ಪಕ್ಕ), ಪಂಪ್, ಲೋಡರ್ ವಾಲ್ವ್, ವಾಪಸ್ ಹೋಗುವ ಹೋಸ್ ನಾಲ್ಕರ ಬಿಸಿಯನ್ನೂ ಚೀಟಿಯಲ್ಲಿ ಬರೆದಿಡಿ.

ಸುಮ್ಮನೆ ನಿಂತಾಗಲೇ ಆಯಿಲ್ ಸರಸರ ಏರಿದರೆ ದೋಷ ಆಯಿಲ್ ಸುತ್ತುವ ಹಾದಿಯಲ್ಲಿದೆ: ಕಪ್ಲರ್, ಹೋಸ್, ವಾಲ್ವ್ ಜೋಡಣೆ, ಫಿಲ್ಟರ್. ನಿಂತಾಗ ತಣ್ಣಗಿದ್ದು ಕೆಲಸ ಮಾಡುವಾಗಷ್ಟೇ ಕಾಯ್ದರೆ ರಿಲೀಫ್ ವಾಲ್ವ್, ಜಾಕ್ ಸೀಲ್, ಪಂಪ್ ಸವೆತ ಅಥವಾ ಓಡಿಸುವ ರೂಢಿ. ಅರ್ಧ ಗಂಟೆಯ ಡೀಸೆಲ್ ಖರ್ಚಿಗೆ ಹುಡುಕುವ ಜಾಗ ಅರ್ಧಕ್ಕಿಳಿಯಿತು.

ಹೆಜ್ಜೆ 2: ಆಯಿಲ್ ಮಟ್ಟ, ಜಾತಿ, ಬಣ್ಣ

ಲೋಡರ್ ಹೊಸದಾಗಿ ಕಟ್ಟಿಸಿದ್ದರೆ ಜಾಕ್‌ಗಳು ಮತ್ತು ಹೋಸ್‌ಗಳು ತುಂಬಿಕೊಂಡ ಆಯಿಲ್ ಟ್ಯಾಂಕ್‌ನಿಂದಲೇ ಹೋಗಿರುತ್ತದೆ. ಎಷ್ಟೋ ಕಡೆ ಅದನ್ನು ಮತ್ತೆ ತುಂಬಿರುವುದಿಲ್ಲ. ಕೈಪಿಡಿ ಹೇಳಿದ ಸ್ಥಿತಿಯಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಗೇಜ್ ಕಡ್ಡಿ ನೋಡಿ. ಕಡಿಮೆ ಇದ್ದರೆ ಇರುವಷ್ಟು ಆಯಿಲ್ಲೇ ಬೇಗ ಬೇಗ ಸುತ್ತಿ ಆರಲು ಸಮಯ ಸಿಗುವುದಿಲ್ಲ. ಹಾಗೆಂದು ಗುರುತಿನ ಮೇಲಕ್ಕೆ ತುಂಬಿಸುವುದೂ ತಪ್ಪು. ಗೇರ್‌ಬಾಕ್ಸ್ ಮತ್ತು ಹೈಡ್ರಾಲಿಕ್ ಎರಡಕ್ಕೂ ಒಂದೇ ಆಯಿಲ್ ಇರುವ ಟ್ರ್ಯಾಕ್ಟರ್‌ಗಳಲ್ಲಿ ಹಲ್ಲುಚಕ್ರಗಳು ಹೆಚ್ಚುವರಿ ಆಯಿಲ್ ಕಡೆದು ನೊರೆ ಮಾಡುತ್ತವೆ, ಕಾವೂ ಹುಟ್ಟುತ್ತದೆ.

ಆಯಿಲ್ ಜಾತಿಯ ವಿಷಯದಲ್ಲಿ ಗಟ್ಟಿಯಾಗಿ ಹೇಳಬೇಕು. ಬ್ರೇಕ್ ಪ್ಲೇಟ್‌ಗಳು ಆಯಿಲ್‌ನಲ್ಲೇ ಮುಳುಗಿರುವ ಟ್ರ್ಯಾಕ್ಟರ್‌ಗೆ ಕಂಪನಿ ಹೇಳಿದ ಟ್ರಾನ್ಸ್‌ಮಿಷನ್-ಹೈಡ್ರಾಲಿಕ್ ಆಯಿಲ್ ಬಿಟ್ಟು ಬೇರೇನೂ ಹಾಕಬೇಡಿ. ಅಂಗಡಿಯಲ್ಲಿ ಸಿಗುವ ಸಾದಾ 68ನೇ ನಂಬರ್ ಹೈಡ್ರಾಲಿಕ್ ಆಯಿಲ್ ಹಾಕಿದರೆ ಬ್ರೇಕ್ ಜಾರುತ್ತದೆ ಅಥವಾ ಕಿರುಚುತ್ತದೆ. ಲೋಡರ್‌ಗೆ ಪ್ರತ್ಯೇಕ ಪಂಪ್, ಪ್ರತ್ಯೇಕ ಟ್ಯಾಂಕ್ ಇದ್ದಾಗ ಮಾತ್ರ 46, 68ರ ಪ್ರಶ್ನೆ ಬರುತ್ತದೆ. ಆ ಸಂಖ್ಯೆಗಳು 40 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಎಂಬುದರ ಅಳತೆ. 80 ಡಿಗ್ರಿಗೆ ಬಂದಾಗ 46ರ ಆಯಿಲ್ ಸುಮಾರು 12ಕ್ಕೂ, 68ರದು 15-16ಕ್ಕೂ ತೆಳುವಾಗುತ್ತದೆ. ಪಂಪ್ ತಯಾರಕರು ಒಪ್ಪುವುದಾದರೆ ನಮ್ಮ ಬೇಸಿಗೆಗೆ 68 ವಾಸಿ. ಆದರೆ ಅದು ದೋಷವನ್ನು ಗುಣಪಡಿಸುವುದಿಲ್ಲ, ಸ್ವಲ್ಪ ಮುಚ್ಚಿಡುತ್ತದೆ.

ಬಣ್ಣ ನೋಡಿ, ಮೂಸಿ ನೋಡಿ. ಸುಟ್ಟ ವಾಸನೆ, ಕಪ್ಪು ಬಣ್ಣ ಇದ್ದರೆ ಆಯಿಲ್ ಈಗಾಗಲೇ ಬೆಂದಿದೆ. ಮಜ್ಜಿಗೆ ಬಣ್ಣ ಇದ್ದರೆ ನೀರು ಸೇರಿದೆ ಅಥವಾ ಗಾಳಿ ಬೆರೆತಿದೆ. ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಒಂದೆರಡು ಗಂಟೆ ಇಡಿ. ಗಾಳಿಯಾದರೆ ಮೇಲೆದ್ದು ಹೋಗಿ ಆಯಿಲ್ ತಿಳಿಯಾಗುತ್ತದೆ, ನೀರಾದರೆ ಹಾಗೇ ಉಳಿಯುತ್ತದೆ.

ಹೆಜ್ಜೆ 3: ಪಂಪ್‌ಗೆ ಆಯಿಲ್ ಸರಿಯಾಗಿ ಬರುತ್ತಿದೆಯೇ

ಪಂಪ್ ಕೊರೆಯುವಂಥ ಸದ್ದು ಮಾಡಿದರೆ ಸಕ್ಷನ್ (ಪಂಪ್ ಆಯಿಲ್ ಎಳೆದುಕೊಳ್ಳುವ) ಬದಿಯ ಜಾಲರಿ ಕಟ್ಟಿದೆ ಅಥವಾ ಸಕ್ಷನ್ ಪೈಪ್ ಗಾಳಿ ಎಳೆಯುತ್ತಿದೆ. ಜಾಲರಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ, ಫಿಲ್ಟರ್ ಅವಧಿ ಮುಗಿದಿದ್ದರೆ ಬದಲಿಸಿ. ಸಕ್ಷನ್ ಹೋಸ್‌ನ ಕ್ಲಿಪ್ ಸಡಿಲವಾಗಿದ್ದರೆ ಆಯಿಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆ ಗುಳ್ಳೆಗಳು ಪಂಪ್‌ನಲ್ಲಿ ಅದುಮಿದಾಗ ವಿಪರೀತ ಬಿಸಿಯಾಗಿ ಆಯಿಲ್ ಸುಡುತ್ತವೆ. ಕ್ಲಿಪ್ ಮೇಲೆ ಸ್ವಲ್ಪ ಆಯಿಲ್ ಸುರಿದಾಗ ಸದ್ದು ತಗ್ಗಿದರೆ ಗಾಳಿ ನುಗ್ಗುವ ಜಾಗ ಅದೇ. ಟ್ಯಾಂಕ್‌ನ ಉಸಿರಾಟದ ಮುಚ್ಚಳವನ್ನೂ ನೋಡಿ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಗಿಣಿಗೇರಾ ಸುತ್ತಲಿನ ಕಾರ್ಖಾನೆಯ ಕರಿ ಧೂಳು ಅಲ್ಲಿ ಗಟ್ಟಿ ಪದರವಾಗಿ ಕೂರುತ್ತದೆ.

ಹೆಜ್ಜೆ 4: ಸುತ್ತುವ ಹಾದಿ

ನಮ್ಮ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಪಂಪ್ ಸಾಮಾನ್ಯ. ಇಂಜಿನ್ ತಿರುಗುವಷ್ಟು ಹೊತ್ತೂ ಅದು ಆಯಿಲ್ ತಳ್ಳುತ್ತಲೇ ಇರುತ್ತದೆ. ಲಿವರ್ ನಡುವೆ ಇದ್ದಾಗ ಆ ಆಯಿಲ್ ವಾಲ್ವ್‌ನ ತೆರೆದ ಹಾದಿಯಲ್ಲಿ ಆರಾಮವಾಗಿ ಟ್ಯಾಂಕ್‌ಗೆ ಮರಳಬೇಕು. ಮೊದಲ ಹೆಜ್ಜೆಯಲ್ಲಿ ಆಯಿಲ್ ಸುಮ್ಮನೆ ಕಾಯ್ದಿದ್ದರೆ ಇಲ್ಲಿ ಸಮಯ ಕೊಟ್ಟು ನೋಡಬೇಕು.

ಎಲ್ಲಕ್ಕಿಂತ ಮೊದಲು ಕಪ್ಲರ್‌ಗಳು. ಪೂರ್ತಿ ಕೂರದ ಕಪ್ಲರ್ ಒಳಗಿನ ಗುಂಡು ಅರ್ಧ ಮುಚ್ಚಿಕೊಂಡಿರುತ್ತದೆ, ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಗನ್ ಹಿಡಿದು ಕಪ್ಲರ್‌ನ ಎರಡೂ ಬದಿ ಅಳೆಯಿರಿ. ದಾಟಿದ ಮೇಲೆ ಬಿಸಿ ಹೆಚ್ಚಿದ್ದರೆ ಕಳ್ಳ ಸಿಕ್ಕಿದ. ಬಿಚ್ಚಿ, ಒರೆಸಿ, ಸದ್ದು ಬರುವವರೆಗೆ ಒತ್ತಿ ಕೂರಿಸಿ. ತುಕ್ಕು ಹಿಡಿದು ಒಳಗಿನ ಗುಂಡು ಆಡದಿದ್ದರೆ ಬದಲಿಸಿ.

ಎರಡನೆಯದು, ಹಿಂದಿನ ರಿಮೋಟ್ ಲಿವರ್‌ನಿಂದ (ಟ್ರ್ಯಾಕ್ಟರ್ ಹಿಂದೆ ಕಟ್ಟುವ ಸಲಕರಣೆಗೆ ಆಯಿಲ್ ಕೊಡುವ ವಾಲ್ವ್‌ನದು) ಲೋಡರ್‌ಗೆ ಆಯಿಲ್ ಕೊಟ್ಟಿರುವ ಜೋಡಣೆ. ಲಿವರನ್ನು ರಬ್ಬರ್‌ನಿಂದ ಕಟ್ಟಿ ಮುಂದಕ್ಕೆ ನಿಲ್ಲಿಸಿರುತ್ತಾರೆ. ಆಗ ಆಯಿಲ್ ರಿಮೋಟ್ ವಾಲ್ವ್, ಕಪ್ಲರ್, ಲೋಡರ್ ವಾಲ್ವ್, ಮತ್ತೆ ಕಪ್ಲರ್, ಮತ್ತೆ ರಿಮೋಟ್ ವಾಲ್ವ್ ಹೀಗೆ ಐದು ಇಕ್ಕಟ್ಟು ದಾಟಬೇಕು. ವಾಪಸ್ ಹೋಸನ್ನು ನೇರವಾಗಿ ಟ್ಯಾಂಕ್‌ಗೆ ಕೊಟ್ಟರೆ ಎರಡು ಇಕ್ಕಟ್ಟು ಕಳೆಯುತ್ತವೆ. ಇಂಥ ಜೋಡಣೆಗೆ ನಡುವೆ ಮುಚ್ಚಿಕೊಳ್ಳುವ ಜಾತಿಯ ವಾಲ್ವ್ ಹಾಕಿದ್ದರಂತೂ ಆಯಿಲ್‌ಗೆ ಹಾದಿಯೇ ಇಲ್ಲ, ಇಡೀ ದಿನ ರಿಲೀಫ್ ಮೂಲಕವೇ ಹೋಗುತ್ತಿರುತ್ತದೆ. ಹಳೆಯ ಯಂತ್ರದಿಂದ ಬಿಚ್ಚಿ ತಂದ ವಾಲ್ವ್ ಕೂರಿಸಿದ್ದರೆ ಅದು ಯಾವ ಜಾತಿ ಎಂದು ಫಿಟ್ಟರ್ ಹತ್ತಿರ ಖಚಿತಪಡಿಸಿಕೊಳ್ಳಿ.

ಮೂರನೆಯದು ಪವರ್ ಬಿಯಾಂಡ್. ಲೋಡರ್ ವಾಲ್ವ್ ದಾಟಿದ ಆಯಿಲ್ ಹಿಂದಿನ ಲಿಫ್ಟ್‌ಗೂ ಹೋಗಬೇಕಾದರೆ ವಾಲ್ವ್‌ನಲ್ಲಿ ಅದಕ್ಕೆಂದೇ ಬರುವ ಸ್ಲೀವ್ ಹಾಕಿ, ಟ್ಯಾಂಕ್ ಹೋಸ್ ಬೇರೆಯಾಗಿ ಕೊಡಬೇಕು. ಹಾಗೆ ಮಾಡದೆ ಟ್ಯಾಂಕ್ ಪೋರ್ಟ್‌ನಿಂದಲೇ ಲಿಫ್ಟ್‌ಗೆ ಎಳೆದಿದ್ದರೆ ಲಿಫ್ಟ್ ಎತ್ತಿದಾಗಲೆಲ್ಲ ವಾಲ್ವ್‌ನ ವಾಪಸ್ ಬದಿಗೆ ಪೂರ್ಣ ಒತ್ತಡ ಬೀಳುತ್ತದೆ. ಸೀಲ್ ಹಾರುತ್ತದೆ, ವಾಲ್ವ್ ಮೈಯೇ ಸೀಳಬಹುದು.

ಹೋಸ್ ಗಾತ್ರವನ್ನೂ ನೋಡಿ. ನಿಮಿಷಕ್ಕೆ 30 ಲೀಟರ್ ಹರಿವು ಅರ್ಧ ಇಂಚಿನ ಹೋಸ್‌ನಲ್ಲಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹೋಗುತ್ತದೆ, ಮುಕ್ಕಾಲು ಇಂಚಿನಲ್ಲಿ 2 ಮೀಟರ್‌ಗೂ ಕಡಿಮೆ. ಮೂರು ಸೂತ್ರದ (3/8 ಇಂಚು) ಹೋಸ್‌ನಲ್ಲಿ ಅದೇ 7 ಮೀಟರ್. ಒತ್ತಡದ ಬದಿಗೆ ಅರ್ಧ ಇಂಚು ಸಾಕು, ವಾಪಸ್ ಬದಿಗೆ ಮುಕ್ಕಾಲು ಇಂಚು ಇರಲಿ.

ಇವೆಲ್ಲ ಆದ ಮೇಲೆ 0–250 ಬಾರ್‌ನ ಗ್ಲಿಸರಿನ್ ತುಂಬಿದ ಒತ್ತಡದ ಗೇಜನ್ನು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಲೋಡರ್ ವಾಲ್ವ್‌ಗೆ ಆಯಿಲ್ ಬರುವ ಕಡೆ ಕೂರಿಸಿ. ಲಿವರ್ ಮುಟ್ಟದಿರುವಾಗ 10–15 ಬಾರ್ ತೋರಿಸಿದರೆ ಹಾದಿ ಚೆನ್ನಾಗಿದೆ. 40 ತೋರಿಸಿದರೆ, 30 ಲೀಟರ್ ಹರಿವಿಗೆ 2 ಕಿಲೋವ್ಯಾಟ್ ಕಾವು ಇಡೀ ದಿನ ಸುಮ್ಮನೆ ಹುಟ್ಟುತ್ತಿದೆ ಎಂದರ್ಥ.

ಹೆಜ್ಜೆ 5: ರಿಲೀಫ್ ವಾಲ್ವ್ ಮತ್ತು ಲಿವರ್ ಹಿಡಿದ ಕೈ

ಬಕೆಟ್ ಪೂರ್ತಿ ಮಡಚಿದ ಮೇಲೂ ಲಿವರ್ ಎಳೆದೇ ಹಿಡಿಯುವುದು, ಗಟ್ಟಿ ಎರೆಮಣ್ಣಿನ ಗುಡ್ಡೆಗೆ ಬಕೆಟ್ ಚುಚ್ಚಿ ಏಳದಿದ್ದರೂ ಒತ್ತುತ್ತಲೇ ಇರುವುದು, ಇವೆರಡೇ ರೂಢಿ ಬಿಡಿಸಿದರೆ ಅನೇಕ ಟ್ರ್ಯಾಕ್ಟರ್‌ಗಳ ಕಾವು ಇಳಿಯುತ್ತದೆ. “ಸುಂಯ್” ಎಂಬ ಸದ್ದು, ಇಂಜಿನ್ ನರಳುವುದು, ಅದೇ ರಿಲೀಫ್ ತೆರೆದ ಗುರುತು. ಓಡಿಸುವ ಹುಡುಗನಿಗೆ ಆ ಸದ್ದನ್ನು ಒಮ್ಮೆ ಕೇಳಿಸಿ ತೋರಿಸಿ: “ತಮ್ಮಾ, ಈ ಸಪ್ಪಳ ಬಂತಂದ್ರ ಲಿವರ್ ಬಿಡು, ಬಕೆಟ್ ಅರ್ಧ ತುಂಬಿದ್ರೂ ನಡಿತೈತಿ.” ಬೈಯುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಹಿಂದಿನ ಲಿಫ್ಟ್ ಲಿವರನ್ನೂ ಗಮನಿಸಿ. ಪೂರ್ತಿ ಮೇಲಿಟ್ಟಾಗ ಕೊಂಡಿಗಳ ಹೊಂದಾಣಿಕೆ ತಪ್ಪಿದ್ದರೆ ಲಿಫ್ಟ್ ಕೊನೆಗೆ ಮುಟ್ಟಿಯೂ ವಾಲ್ವ್ ಮುಚ್ಚಿಕೊಳ್ಳುವುದಿಲ್ಲ, ರಿಲೀಫ್ ಸದ್ದು ಬರುತ್ತಲೇ ಇರುತ್ತದೆ. ಲಿವರನ್ನು ಒಂದಿಷ್ಟು ಕೆಳಗೆ ಜರುಗಿಸಿದಾಗ ಸದ್ದು ನಿಂತರೆ ಕೊಂಡಿ ಸರಿಪಡಿಸಿಕೊಳ್ಳಿ. ಲೋಡರ್ ಮೇಲೆ ಅನುಮಾನಪಟ್ಟು ದಿನ ಕಳೆದವರು ಕೊನೆಗೆ ಇಲ್ಲಿ ಉತ್ತರ ಕಂಡುಕೊಳ್ಳುವುದುಂಟು.

ಇನ್ನು ಗೇಜ್ ಪರೀಕ್ಷೆ. ಬಕೆಟ್ ಕೊನೆಯವರೆಗೆ ಮಡಚಿ ಮೂರು ನಾಲ್ಕು ಸೆಕೆಂಡ್ ಮಾತ್ರ ಹಿಡಿದು ಒತ್ತಡ ಓದಿ, ಕೈಪಿಡಿಯ ಅಂಕಿಗೆ ಹೋಲಿಸಿ. ಟ್ರ್ಯಾಕ್ಟರ್‌ಗೊಂದು, ಲೋಡರ್ ವಾಲ್ವ್‌ಗೊಂದು ರಿಲೀಫ್ ಇರುವಾಗ ಕಡಿಮೆಗೆ ಕೂರಿಸಿದ್ದು ಮೊದಲು ತೆರೆಯುತ್ತದೆ. ಅಂಕಿ ಕಡಿಮೆ ಬಂದರೆ ರಿಲೀಫ್ ಸೀಟ್ ಮೇಲೆ ಕಸ ಕೂತಿರಬಹುದು, ಸ್ಪ್ರಿಂಗ್ ಸೋತಿರಬಹುದು, ಪಂಪ್ ಸವೆದಿರಬಹುದು. ಹೆಚ್ಚು ಭಾರ ಎತ್ತಲಿ ಎಂದು ರಿಲೀಫ್ ಸ್ಕ್ರೂ ಬಿಗಿಸುವ ಕೆಲಸ ಮಾತ್ರ ಬೇಡ. ಮುಂದಿನ ಆಕ್ಸಲ್, ಜಾಕ್, ಹೋಸ್ ಯಾವುದೂ ಆ ಒತ್ತಡಕ್ಕೆ ಮಾಡಿದ್ದಲ್ಲ.

ಹೆಜ್ಜೆ 6: ಒಳಗಿನ ಸೋರಿಕೆ

ತಣ್ಣಗಿದ್ದಾಗ ಮತ್ತು ಕಾಯ್ದ ಮೇಲೆ, ಅದೇ ಆರ್‌ಪಿಎಂನಲ್ಲಿ, ಖಾಲಿ ಬೂಮ್ ಮೇಲೇಳಲು ಹಿಡಿಯುವ ಸೆಕೆಂಡ್ ಎಣಿಸಿ. ವ್ಯತ್ಯಾಸ ಎದ್ದು ಕಾಣುವಷ್ಟಿದ್ದರೆ ಪಂಪ್, ವಾಲ್ವ್ ಅಥವಾ ಜಾಕ್ ಒಳಗೆ ಸೋರಿಕೆ ಇದೆ. ಆಯಿಲ್ ತೆಳುವಾದಷ್ಟೂ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಿದಷ್ಟೂ ಕಾವು ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಬಕೆಟ್ ಸೋಲುವುದು ಹೀಗೆ.

ಎಲ್ಲಿ ಎಂದು ಗನ್ ಹೇಳುತ್ತದೆ. ಎಡ ಬಲ ಬೂಮ್ ಜಾಕ್‌ಗಳಲ್ಲಿ ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಅದರ ಪಿಸ್ಟನ್ ಸೀಲ್ ಮೇಲೆ ಅನುಮಾನ. ಟ್ಯಾಂಕ್‌ಗಿಂತ ಪಂಪ್ ಮೈ ಬಹಳ ಬಿಸಿ ಇದ್ದರೆ ಪಂಪ್ ಸವೆತ. ವಾಲ್ವ್‌ನಲ್ಲಿ ರಿಲೀಫ್ ಕೂತ ಮೂಲೆ ಮಾತ್ರ ಸುಡುತ್ತಿದ್ದರೆ ಅದು ಪೂರ್ತಿ ಮುಚ್ಚುತ್ತಿಲ್ಲ. ಭಾರ ಹೊತ್ತ ಬಕೆಟನ್ನು ನೆಲದಿಂದ ಅರ್ಧ ಅಡಿ ಎತ್ತಿ, ಇಂಜಿನ್ ಆರಿಸಿ, ಹತ್ತು ನಿಮಿಷ ದೂರದಿಂದ ಗಮನಿಸಿ. ಇಳಿದರೆ ಸೀಲ್ ಅಥವಾ ವಾಲ್ವ್ ಸ್ಪೂಲ್ (ಲಿವರ್ ಜರುಗಿಸುವ ಒಳಗಿನ ಕಡ್ಡಿ) ಎರಡರಲ್ಲಿ ಒಂದು ಸೋರುತ್ತಿದೆ. ಹೋಸ್ ಬಿಚ್ಚಿ ಜಾಕ್ ಪರೀಕ್ಷಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಗಣಿ ಯಂತ್ರಗಳ ದೆಸೆಯಿಂದ ಬಳ್ಳಾರಿ, ಸಂಡೂರು ಕಡೆ ಹೈಡ್ರಾಲಿಕ್ ಬಲ್ಲ ಫಿಟ್ಟರ್‌ಗಳು ಸಿಗುತ್ತಾರೆ. ನಿಮ್ಮ ಚೀಟಿಯ ಅಂಕಿಗಳನ್ನು ಅವರ ಮುಂದಿಡಿ. ಬೇಕಿಲ್ಲದ ಭಾಗ ಬಿಚ್ಚುವುದು ತಪ್ಪುತ್ತದೆ.

ಹೆಜ್ಜೆ 7: ಈಗ ಕೂಲರ್

ಇರುವ ಕೂಲರ್ ಮೊದಲು ತೊಳೆಯಿರಿ. ರಾಯಚೂರು ಜಿನ್ನಿಂಗ್ ಕಡೆಯ ಹತ್ತಿ ಎಳೆ, ಗಂಗಾವತಿ, ಕಾರಟಗಿ ಗಿರಣಿಗಳ ಉಮಿ, ಶಕ್ತಿನಗರದ ಬೂದಿ ಫಿನ್ ನಡುವೆ ಕೂತು ಆಯಿಲ್ ಹನಿಯೊಂದಿಗೆ ಅಂಟಿಕೊಳ್ಳುತ್ತದೆ. ಫ್ಯಾನ್ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಒಳಗಿನಿಂದ ಹೊರಕ್ಕೆ, ಹದವಾದ ಒತ್ತಡದಲ್ಲಿ ಗಾಳಿ ಹೊಡೆಯಿರಿ. ಜೋರು ನೀರು ಹೊಡೆದರೆ ಫಿನ್ ಮಡಚುತ್ತವೆ.

ಸ್ಥಳೀಯವಾಗಿ ಮಾಡಿಸಿದ ಪ್ರತ್ಯೇಕ ಟ್ಯಾಂಕ್ ಇದ್ದರೆ ಅದರಲ್ಲಿ ಕನಿಷ್ಠ ಪಂಪ್‌ನ ಒಂದು ನಿಮಿಷದ ಹರಿವಿನಷ್ಟು ಆಯಿಲ್ ಹಿಡಿಯಬೇಕು, ಎರಡರಷ್ಟಾದರೆ ಉತ್ತಮ. ಬರುವ ಪೈಪ್, ಹೋಗುವ ಪೈಪ್ ಪಕ್ಕಪಕ್ಕದಲ್ಲಿದ್ದರೆ ಬಿಸಿ ಆಯಿಲ್ ಆರುವ ಮೊದಲೇ ಮತ್ತೆ ಪಂಪ್ ಸೇರುತ್ತದೆ. ನಡುವೆ ತಗಡಿನ ಅಡ್ಡಗೋಡೆ ಹಾಕಿಸಿ. ರೇಡಿಯೇಟರ್‌ನ ಬಿಸಿ ಗಾಳಿ ಬಡಿಯುವ ಜಾಗದಲ್ಲಿ ಟ್ಯಾಂಕ್ ಇದ್ದರೆ ಸ್ಥಳ ಬದಲಿಸಿ.

ದೋಷವೆಲ್ಲ ಸರಿಪಡಿಸಿಯೂ ಮೇ ತಿಂಗಳಲ್ಲಿ 80 ದಾಟಿದರೆ ಕೂಲರ್ ಹಾಕಿಸುವುದು ನ್ಯಾಯ. ಗಾತ್ರವನ್ನು ಊಹೆಗೆ ಬಿಡಬೇಡಿ. 25 ಲೀಟರ್ ಆಯಿಲ್ ಕೆಲಸದಲ್ಲಿ ನಿಮಿಷಕ್ಕೆ 1 ಡಿಗ್ರಿ ಏರಿದರೆ ಆಯಿಲ್ ಒಂದಕ್ಕೇ ಸುಮಾರು 0.7 ಕಿಲೋವ್ಯಾಟ್. ಕಬ್ಬಿಣ ಹೀರಿದ್ದನ್ನೂ ಸೇರಿಸಿ ಅದರ ಇಮ್ಮಡಿ ಸಾಮರ್ಥ್ಯದ್ದನ್ನು ಕೇಳಿ. ಗಾಳಿ 45 ಡಿಗ್ರಿ ಇರುವಾಗಿನ ಸಾಮರ್ಥ್ಯ ಎಷ್ಟು ಎಂದೂ ಕೇಳಿ. ಕೂಲರ್ ವಾಪಸ್ ಹೋಸ್‌ನಲ್ಲೇ ಇರಬೇಕು, ಒತ್ತಡದ ಬದಿಯಲ್ಲಿ ಹಾಕಿದರೆ ಒಡೆಯುತ್ತದೆ. ತಣ್ಣನೆಯ ಆಯಿಲ್ ಮಂದವಾಗಿದ್ದಾಗ ಪಕ್ಕದಿಂದ ಹೋಗಲು ಬೈಪಾಸ್ ವಾಲ್ವ್ ಇರಲಿ. 12 ವೋಲ್ಟ್ ಫ್ಯಾನ್ ಜೋಡಿಸಿದರೆ ಫ್ಯೂಸ್, ರಿಲೇ ಮರೆಯಬೇಡಿ.

ಬೇಸಿಗೆಯ ಕೆಲಸದ ಕ್ರಮ

ಗೊಬ್ಬರ ಹೇರುವುದನ್ನು ನಸುಕಿನಲ್ಲಿ ಶುರುಮಾಡಿ ಹತ್ತು ಗಂಟೆಗೆ ನಿಲ್ಲಿಸಿ, ಸಂಜೆ ಮುಂದುವರಿಸಿ. ಇಂಜಿನ್ ರೇಸ್ ಮಾಡಿದಷ್ಟೂ ಪಂಪ್ ಹೆಚ್ಚು ಆಯಿಲ್ ತಳ್ಳುತ್ತದೆ, ಇಕ್ಕಟ್ಟುಗಳಲ್ಲಿ ಕಾವು ಅದಕ್ಕಿಂತ ವೇಗವಾಗಿ ಏರುತ್ತದೆ. ಬೇಕಾದಷ್ಟೇ ಆರ್‌ಪಿಎಂ ಇಡಿ. 80 ಕಂಡರೆ ನೆರಳಿಗೆ ತಂದು ಬಕೆಟ್ ಇಳಿಸಿ, ಲಿವರ್ ಬಿಟ್ಟು, ಕಡಿಮೆ ಆರ್‌ಪಿಎಂನಲ್ಲಿ ಓಡಲು ಬಿಡಿ. ಸುತ್ತುವ ಹಾದಿ ಚೆನ್ನಾಗಿದ್ದರೆ ಆಯಿಲ್ ನಿಧಾನಕ್ಕೆ ಇಳಿಯುತ್ತದೆ. ಬಿಸಿ ಟ್ಯಾಂಕ್ ಮೇಲೆ ನೀರು ಸುರಿಯಬೇಡಿ, ಉಸಿರಾಟದ ಮುಚ್ಚಳದಿಂದ ಒಳಗೆ ಹೋಗುತ್ತದೆ.

ಒಮ್ಮೆ ಬೆಂದ ಆಯಿಲನ್ನು ಫಿಲ್ಟರ್ ಸಮೇತ ಬದಲಿಸಿ. ಇಳಿಸಿದ್ದನ್ನು ಹೊಲಕ್ಕಾಗಲಿ ಕಾಲುವೆಗಾಗಲಿ ಬಿಡದೆ ಡಬ್ಬದಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವ ಪರವಾನಗಿ ಇರುವವರಿಗೆ ಕೊಡಿ. ಹೊಸ ಆಯಿಲ್ ಹಾಕಿದ ಮೇಲೆ ಮೊದಲ ಹೆಜ್ಜೆಯ ಅರ್ಧ ಗಂಟೆಯ ಪರೀಕ್ಷೆಯನ್ನು ಮತ್ತೆ ಮಾಡಿ, ಅಂಕಿಗಳನ್ನು ಹಳೆಯ ಚೀಟಿಯ ಪಕ್ಕದಲ್ಲೇ ಬರೆಯಿರಿ. ಅತಿಯಾಗಿ ಕಾಯ್ದ ಸೀಲ್‌ಗಳು ಕೆಲವೊಮ್ಮೆ ವಾರಗಳ ನಂತರ ಸೋರತೊಡಗುತ್ತವೆ. ಆದ್ದರಿಂದ ಮುಂದಿನ ಒಂದು ತಿಂಗಳು ಪ್ರತಿ ಬೆಳಿಗ್ಗೆ ಜಾಕ್ ರಾಡ್‌ಗಳ ಕುತ್ತಿಗೆ ಮತ್ತು ಹೋಸ್‌ನ ಕ್ರಿಂಪ್ (ತುದಿಗೆ ಅದುಮಿದ ಲೋಹದ ಬಳೆ) ಬುಡ ಒರೆಸಿ, ಹಸಿ ಇದೆಯೇ ಎಂದು ನೋಡಿ.